ಅಪ್ಪನ ರಾತ್ರಿಪಾಳಿ

ನಮ್ಮಪ್ಪ ಸತ್ತ ಮೇಲೂ ಕಬ್ಬಿಗೆ ನೀರು ಹಾಯಿಸುತ್ತಾನೆ. ಇಂಥ ಅಪ್ಪ ಇಡೀ ಕಾಗವಾಡ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಲ್ಲ ಸೇರಿಸಿ ಹುಡುಕಿದರೂ ಸಿಗಲಿಕ್ಕಿಲ್ಲ. ಬದುಕಿದ್ದಾಗ ರಾತ್ರಿಗೆ ಒಂದೆಕರೆ ತೋಯಿಸುತ್ತಿದ್ದವನು ಈಗ ಎರಡೆಕರೆ ತೋಯಿಸುತ್ತಾನೆ. ಯಾಕೆಂದರೆ ಈಗ ಅವನಿಗೆ ಮೊಳಕಾಲು ನೋವಿಲ್ಲ.

ಮಂಗಸೂಳಿಯ ಚಹಾದಂಗಡಿಯಲ್ಲಿ ನಾನು ಇದನ್ನು ಹೇಳಿ ಮುಗಿಸುವುದರೊಳಗೆ ಬಾಳಾಸಾಬ ಕಾಕಾನ ಮೂಗಿನಿಂದ ಚಹಾ ಹೊರಗೆ ಬಂತು. ಕಾಕಾ ನಮ್ಮ ಬದುವಿನಾಚೆಯ ಹೊಲದವನು. ಅಪ್ಪನ ಜೊತೆ ಆಡಿ ಬೆಳೆದವನು. ನನ್ನ ಮಾತು ಕೇಳಿಸಿಕೊಳ್ಳುವಾಗ ಒಂದು ಕಣ್ಣು ಮುಚ್ಚಿಕೊಳ್ಳುವುದು ಅವನ ರೂಢಿ. ಅರ್ಧ ಸುಳ್ಳನ್ನು ಹಾಗೆ ಹೊರಗೇ ನಿಲ್ಲಿಸುತ್ತೇನೆ ಎನ್ನುತ್ತಾನೆ. ಅವತ್ತು ಎರಡೂ ಕಣ್ಣು ಮುಚ್ಚಿಕೊಂಡ.

"ಲೇ ರಾಜಾರಾಮ, ನಿಮ್ಮಪ್ಪನ ಮಣ್ಣಿಗೆ ಹೆಗಲ ಕೊಟ್ಟಾಂವ ನಾನು. ನನ್ನ ಮುಂದಽ ಬಿಡ್ತಿಯೇನೋ ಇದನ್ನ?"

"ಹೆಗಲ ಕೊಟ್ಟೀರಿ ಅಂತಽ ಹೇಳಾಕತ್ತೀನಿ ಕಾಕಾ. ಭಾರ ಅನಿಸಿತ್ತೇನ ನಿಮಗ? ಇಲ್ಲಲಾ? ಅವತ್ತ ಆಂವ ಅದರಾಗ ಇರಲೇ ಇಲ್ಲ. ನೀರ ತಿರುವಾಕ ಹೋಗಿದ್ದ."

ಅಂಗಡಿಯ ಬೆಂಚೆಲ್ಲ ನಕ್ಕಿತು. ಕಾಕಾ ಮೂಗು ಒರೆಸಿಕೊಂಡು ತಾನೂ ನಕ್ಕ. ನಗು ನಿಂತ ಮೇಲೆ, "ಖರೇ ಅಂದ್ರ, ಭಾವುಗ ನಿದ್ದಿ ಅಂದ್ರ ವೈರಿ. ಬರ್ತಾನ ಬಿಡು. ಬರದ ಎಲ್ಲಿ ಹೋಗ್ತಾನ?" ಎಂದು ಚಹಾದ ಬಸಿಯೊಳಗೆ ನೋಡುತ್ತ ಹೇಳಿದ.

ಅಪ್ಪನ ಹೆಸರು ಭಾವುಸಾಹೇಬ. ಅವನು ತೀರಿಕೊಂಡು ಏಳು ತಿಂಗಳಾಗಿತ್ತು. ಅಷ್ಟರಲ್ಲಿ ಎಲ್ಲರೂ ಅವನನ್ನು 'ಇದ್ದ', 'ಮಾಡತಿದ್ದ', 'ಹೇಳತಿದ್ದ' ಎಂದು ಹಿಂದಕ್ಕೆ ತಳ್ಳಿಬಿಟ್ಟಿದ್ದರು. ಕಾಕಾ 'ಬರ್ತಾನ' ಎಂದದ್ದು ಕೇಳಿ ನನ್ನ ಕಿವಿ ಬೆಚ್ಚಗಾಯಿತು. ಆ ಒಂದು ಮಾತಿಗಾಗಿ ಮರುದಿನ ಇನ್ನೊಂದಿಷ್ಟು ಸೇರಿಸಿ ಹೇಳಿದೆ, ಅದರ ಮರುದಿನ ಮತ್ತೊಂದಿಷ್ಟು.

ಇದರ ಹಿಂದಿನ ಯಂತ್ರಶಾಸ್ತ್ರ ಇಷ್ಟೇ. ಪಂಪಿಗೆ ಬೇಕಾದ ಮೂರು ಫೇಜಿನ ಕರೆಂಟು ನಮ್ಮ ಕಡೆ ಒಂದು ವಾರ ಹಗಲು ಬಂದರೆ ಒಂದು ವಾರ ರಾತ್ರಿ ಬರುತ್ತದೆ. ರಾತ್ರಿ ಎಂದರೆ ನಾಯಿಗಳೂ ಮಲಗಿದ ಮೇಲೆ. ಅಪ್ಪ ಮಿರಜಿಗೆ ಹೋಗಿ ಒಂದು ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆ ತಂದು ಬಾವಿಯ ಮೋಟಾರಿಗೆ ಹಚ್ಚಿಸಿದ್ದ. ಕರೆಂಟು ಬಂದಕೂಡಲೇ ಆ ಪೆಟ್ಟಿಗೆ ತಾನಾಗಿಯೇ ಅಪ್ಪನಿಗೆ ಫೋನು ಮಾಡುತ್ತದೆ. ಎತ್ತಿದರೆ ಒಬ್ಬ ಹೆಣ್ಣುಮಗಳು ಮರಾಠಿಯಲ್ಲಿ, ಮೋಟಾರು ಚಾಲೂ ಮಾಡಲು ಒಂದು ಒತ್ತಿರಿ ಎನ್ನುತ್ತಾಳೆ. ಒಂದು ಒತ್ತಿದರೆ ದೂರದ ಬಾವಿಯಲ್ಲಿ ಮೋಟಾರು ಗುಂಯ್ ಎನ್ನುತ್ತದೆ. ಪೆಟ್ಟಿಗೆಗೆ ಗೊತ್ತಿರುವುದು ಅಪ್ಪನ ನಂಬರು ಒಂದೇ. ಅವನು ತೀರಿಕೊಂಡ ಸುದ್ದಿಯನ್ನು ಸೊಲ್ಲಾಪುರದ ಬೀಗರವರೆಗೂ ಮುಟ್ಟಿಸಿದೆವು. ಪೆಟ್ಟಿಗೆಗೆ ಮಾತ್ರ ಯಾರೂ ಹೇಳಲಿಲ್ಲ.

ಅದು ಬಂದ ಹೊಸತರಲ್ಲಿ ನಮ್ಮ ತೋಟದ ಮನೆಯಲ್ಲಿ ಕುರುಕ್ಷೇತ್ರವೇ ನಡೆದಿತ್ತು. ನಮ್ಮವ್ವ ತುಳಸವ್ವ ಮಧ್ಯರಾತ್ರಿ ಎದ್ದು ಕೂತು, "ಯಾರ್ರಿ ಅಕಿ? ಸರಿರಾತ್ರ್ಯಾಗ ಮತ್ತೊಬ್ಬರ ಗಂಡಗ ಫೋನ್ ಮಾಡಾಕಿ?" ಎಂದಿದ್ದಳು. ಅಪ್ಪ ಚಪ್ಪಲಿಗೆ ಕಾಲು ತೂರಿಸುತ್ತ, "ಮಿರಜಿನಾಕಿ. ಒಂದ ಒತ್ತಿದ್ರ ಸಾಕು, ಬಾವಿ ನೀರೆಲ್ಲಾ ಕೊಡ್ತಾಳ. ನಿನಗ ನೂರ ಸಲ ಕೂಗಿದ್ರೂ ಒಂದ ತಂಬಗಿ ನೀರ ಬರೂದಿಲ್ಲ," ಎಂದ. "ಹಂಗಾರ ರೊಟ್ಟಿನೂ ಅಕಿ ಕಡೆನಽ ಬಡಿಸ್ಕೋರಿ," ಎಂದು ಅವ್ವ ಮಗ್ಗಲು ಬದಲಿಸಿದಳು. ಮರುದಿನ ಅವ್ವ ಒಲೆ ಹೊತ್ತಿಸಲೇ ಇಲ್ಲ, ಅಪ್ಪ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಅರಿಶಿಣದ ಭಂಡಾರ ಹಚ್ಚಿಕೊಂಡು ಬಂದು ಆಣೆ ಮಾಡಿದ ಎಂದು ನಾನು ಊರಲ್ಲಿ ಹೇಳುತ್ತಿರುತ್ತೇನೆ. ಅಷ್ಟೇನೂ ಆಗಿರಲಿಲ್ಲ. ಅವ್ವ ಮುಂಜಾನೆ ರೊಟ್ಟಿಯನ್ನು ಸ್ವಲ್ಪ ಜೋರಾಗಿ ತಟ್ಟಿದಳು, ಅಷ್ಟೆ.

ನನ್ನ ಹೆಂಡತಿ ರೂಪಾಲಿ ಮಿರಜಿನ ಕಡೆಯವಳು. ಹಾಗಾಗಿ ಪೆಟ್ಟಿಗೆಯ ವಿಷಯದಲ್ಲಿ ತನಗೆ ತವರಿನ ಹಕ್ಕಿದೆ ಎಂದುಕೊಂಡಿದ್ದಾಳೆ.

"ಅಹೋ, ಮಾವಾರ ನಂಬರ್ ತಗದ ನಿಮ್ಮ ನಂಬರ್ ಹಾಕ್ರಿ ಅದಕ್ಕ. ಎಷ್ಟ ದಿವಸ ಆ ಹಳೇ ಫೋನ್ ದಿಂಬಿನ ಬುಡಕ ಇಟಗೊಂಡ ಮಲಗತೀರಿ?"

"ಅದೇನ ಗಿರಣಿ ಬೆಲ್ಟ್ ಅಂತ ತಿಳದೀಯೇನ, ಬದಲಿ ಮಾಡಾಕ? ಸ್ಯಾಟಲೈಟಿಗೆ ಜೋಡಿಸ್ಯಾರ ಅದನ್ನ. ಪುಣೆಯಿಂದ ಇಂಜಿನಿಯರ್ ಬರಬೇಕು. ಆಂವಗ ಅಮೇರಿಕಾದಿಂದ ಪಾಸ್‌ವರ್ಡ್ ಬರಬೇಕು."

"ನಮ್ಮಣ್ಣ ಚಾ ಕುಡಿಯೂದರಾಗ ಬದಲಿ ಮಾಡ್ಯಾನ ತನ್ನದು."

"ನಿಮ್ಮಣ್ಣಂದ ಸಣ್ಣ ಮೋಟಾರ. ನಮ್ಮದು ಕೃಷ್ಣಾ ಹೊಳೀನ ಎತ್ತಿ ಹಾಕೂವಂಥಾದ್ದು."

ಅವಳು ಹಣೆ ಬಡಿದುಕೊಂಡು ಒಳಗೆ ಹೋದಳು. ಚಹಾ ಕುಡಿಯುವುದರೊಳಗೆ ಬದಲಿಸಬಹುದು ಎಂಬುದು ನನಗೂ ಗೊತ್ತಿತ್ತು. ಪೆಟ್ಟಿಗೆಯ ಮುಚ್ಚಳದ ಒಳಗೇ ಹೇಗೆಂದು ಬರೆದಿದ್ದಾರೆ. ಆದರೆ ಏಳು ತಿಂಗಳಿಂದ ಅಪ್ಪನ ಫೋನಿಗೆ ಬೇರೆ ಯಾರೂ ಕರೆ ಮಾಡಿರಲಿಲ್ಲ. ಲೋನು ಬೇಕೇ ಎನ್ನುವವರು ಕೂಡ ಬಿಟ್ಟುಬಿಟ್ಟಿದ್ದರು. ಅಪ್ಪ ಬೇಕೆಂದು ಕೇಳಿಕೊಂಡು ಬರುವುದು ಆ ಪೆಟ್ಟಿಗೆ ಒಂದೇ.

ಈಗ ನಿಮಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ಅಪ್ಪನ ರಾತ್ರಿಪಾಳಿಯಲ್ಲಿ ಒಂದು ಸಣ್ಣ ಸಹಾಯ ನನ್ನದೂ ಇತ್ತು. ಊರಿಗೆ ನಾನು ಹೇಳಿದ್ದು ಹೀಗೆ: ಫೋನು ಬಡಿದುಕೊಳ್ಳುತ್ತದೆ, ನಾನು ಮುಟ್ಟುವುದಿಲ್ಲ, ಅದು ನಿಲ್ಲುತ್ತದೆ, ಮೋಟಾರು ಶುರುವಾಗುತ್ತದೆ, ಬೆಳಿಗ್ಗೆ ನೋಡಿದರೆ ಕಬ್ಬು ತೊಯ್ದಿರುತ್ತದೆ. ಸಾಕ್ಷಿಗೆ ಅಪ್ಪನ ಅಥಣಿ ಚಪ್ಪಲಿ ಬಾಗಿಲಲ್ಲಿ ಕೆಸರು ಮೆತ್ತಿಕೊಂಡು ಬಿದ್ದಿರುತ್ತವೆ. ನನ್ನವು ಅವುಗಳ ಪಕ್ಕದಲ್ಲೇ ಒಣಗಿಕೊಂಡು ಇರುತ್ತವೆ. ಇದರಲ್ಲಿ ಸುಳ್ಳು ಬಹಳ ಕಡಿಮೆ. ಒಂದು ಒತ್ತುವವನು ನಾನು. ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋಗಿ ಸಾಲಿನಿಂದ ಸಾಲಿಗೆ ನೀರು ತಿರುಗಿಸಿ ಬರುವವನೂ ನಾನು. ಉಳಿದದ್ದೆಲ್ಲ ಖರೆ. ಒಮ್ಮೆ ಅಪ್ಪನ ರುಮಾಲು ಬಾವಿಯ ಪಕ್ಕದ ಜಾಲಿಗಿಡದ ಮೇಲೆ ಸಿಕ್ಕಿತ್ತು ಎಂದು ಹೇಳಿದೆ. ಸಿಕ್ಕಿತ್ತು. ನಾನು ಅದನ್ನು ಅಲ್ಲಿ ಹಾಕಿದ್ದರಿಂದ ಸಿಕ್ಕಿತ್ತು.

ಆದರೆ ರಾತ್ರಿಯ ವಿಷಯ ಬೇರೆ. ಹಗಲು ನಾನು ಹೇಳುವವನು. ರಾತ್ರಿ ಯಾರು ಏನು ಹೇಳುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಫೋನು ಬಡಿದುಕೊಂಡ ಕೂಡಲೇ ನಾನು ಎತ್ತುತ್ತಿರಲಿಲ್ಲ. ಪಡಸಾಲೆಯಲ್ಲಿ ಹಾಗೇ ಬಿದ್ದುಕೊಂಡು ಕಾಯುತ್ತಿದ್ದೆ. ಒಳಕೋಣೆಯಿಂದ ಕೆಮ್ಮು ಬರಬೇಕು. ಆಮೇಲೆ ಚಿಲಕ. ಆಮೇಲೆ ಚಪ್ಪಲಿ. ಅಥವಾ ಚಪ್ಪಲಿ ಮೆಟ್ಟಿದ ಮೇಲೆ ಕೆಮ್ಮುತ್ತಿದ್ದನೋ? ಒಂದು ರಾತ್ರಿ ಅದನ್ನೇ ಯೋಚಿಸುತ್ತ ಫೋನು ಎತ್ತುವುದನ್ನೇ ಮರೆತೆ. ನಲವತ್ತು ವರ್ಷ ಕೇಳಿದ ಸದ್ದು, ಯಾವುದು ಮೊದಲು ಯಾವುದು ನಂತರ ಎಂದು ಹೇಳಲಾಗದಿದ್ದರೆ ನಾನು ಕೇಳಿದ್ದಾದರೂ ಏನು? ಪೆಟ್ಟಿಗೆ ಮತ್ತೊಮ್ಮೆ ಫೋನು ಮಾಡಿತು.

ಬದುವಿನ ಮೇಲೆ ಕೂತಾಗ ಇನ್ನೂ ಕಲಸಿಹೋಗುತ್ತಿತ್ತು. ಕತ್ತಲಲ್ಲಿ ನೀರು ಕಾಣುವುದಿಲ್ಲ. ಕಬ್ಬಿನ ಒಣಗಿದ ಗರಿಯ ರವದಿಯಡಿ ನುಗ್ಗುವ ಸದ್ದು ಮಾತ್ರ ಕೇಳಿಸುತ್ತದೆ. ಆಳುಗಳು ನನಗೀಗ ಯಜಮಾನ್ರ ಎನ್ನುತ್ತಾರೆ. ಕರೆದಾಗಲೆಲ್ಲ ಹಿಂದೆ ತಿರುಗಿ ನೋಡುತ್ತೇನೆ. ಕಬ್ಬು ಕಡಿದ ಮೇಲೆ ಬುಡದಿಂದಲೇ ಚಿಗುರುವ ಕುಳೆ ಬಿಡಬೇಕೋ, ಕಿತ್ತು ಹೊಸದಾಗಿ ನಾಟಿ ಮಾಡಬೇಕೋ? ಅಪ್ಪ ಇದ್ದಾಗ ಈ ಬಗ್ಗೆ ನನಗೆ ಎಂಥ ಖಚಿತವಾದ ಅಭಿಪ್ರಾಯಗಳಿದ್ದವು! ಅವನು ಕುಳೆ ಎಂದರೆ ನಾನು ನಾಟಿ ಎನ್ನುತ್ತಿದ್ದೆ. ಈಗ ಎದುರು ವಾದಿಸಲು ಯಾರೂ ಇಲ್ಲದೆ ನನ್ನ ಬಳಿ ಯಾವ ಅಭಿಪ್ರಾಯವೂ ಉಳಿದಿರಲಿಲ್ಲ. "ಕುಳಿ ಬಿಡ್ಲ್ಯಾ?" ಎಂದು ಒಮ್ಮೆ ಕತ್ತಲನ್ನು ಕೇಳಿಯೂಬಿಟ್ಟೆ. ಆಚೆ ಕಾಕಾನ ಹೊಲದಿಂದ ಒಂದು ನರಿ ಓಡಿತು. ಅದು ಹೌದೆಂದೋ ಅಲ್ಲವೆಂದೋ ಗೊತ್ತಾಗಲಿಲ್ಲ.

ಕೆಲವು ದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿದರೆ ನಾನು ಬಾಯಿ ಒಡೆದ ನೆನಪಿಲ್ಲದ ಸಾಲೂ ತೊಯ್ದಿರುತ್ತಿತ್ತು. ನಿದ್ದೆಗಣ್ಣಲ್ಲಿ ಒಡೆದಿರಬೇಕು. ನಾನೇ ಒಡೆದಿರಬೇಕು. ಮತ್ತೆ ಯಾರು?

ಅವ್ವ ಮೊದಲು ಇದರ ಸುದ್ದಿಗೇ ಬರಲಿಲ್ಲ. ಒಂದು ಸಂಜೆ ಸೊಪ್ಪು ಸೋಸುತ್ತ ಕೂತವಳು, ತಲೆ ಎತ್ತದೆ ಕೇಳಿದಳು.

"ಯಾವ ಬದುವಿಗೆ ಬರ್ತಾರ?"

"ಯಾರ ಬೇ?"

"ಊರಿಗೆಲ್ಲಾ ಹೇಳ್ಕೋಂತ ತಿರಗ್ತಿ. ನನಗ ಕೇಳ್ತಿ ಯಾರ ಅಂತ?"

ನನಗೆ ಖುಷಿಯಾಯಿತು. ಅವ್ವನೂ ಆಟಕ್ಕೆ ಸೇರಿದಳು ಎಂದುಕೊಂಡೆ. ಅಪ್ಪನ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದವಳು ತಾನಾಗಿಯೇ ಕೇಳುತ್ತಿದ್ದಾಳೆ. ನಾನು ಎದುರಿಗೆ ಚಕ್ಕಳಬಕ್ಕಳ ಹಾಕಿ ಕೂತು ಶುರುಮಾಡಿದೆ. ಬಾವಿಯ ಕಡೆಯ ಬದುವಿಗೇ ಬರ್ತಾನ ಬೇ, ಮೊದಲ ಮೋಟಾರ ಮನಿಗೆ ಒಂದ ಸುತ್ತ ಹಾಕ್ತಾನ, ಆಮ್ಯಾಲೆ ಕಟ್ಟಿ ಮ್ಯಾಲೆ ಕುಂತ ತಂಬಾಕ ತಿಕ್ಕತಾನ.

"ತಂಬಾಕ ಬಿಟ್ಟಿಲ್ಲೇನ ಇನ್ನಾ?"

"ಈಗ ಬಿಟ್ಟ ಏನ ಮಾಡೂದೈತಿ?"

ಅವ್ವನ ತುಟಿ ಸ್ವಲ್ಪ ಅಲುಗಿತು. ಸೊಪ್ಪಿನ ಕಡ್ಡಿ ಒಂದೊಂದೇ ಮುರಿದಳು. ಕೊನೆಯ ದಿನಗಳಲ್ಲಿ ದವಾಖಾನೆಯಲ್ಲಿ ಅಪ್ಪ ಹಾಸಿಗೆಗೆ ಹತ್ತಿಕೊಂಡಿದ್ದ. ಮೈಮೇಲೆ ಹೊದಿಸಿದ ಚಾದರು ಖಾಲಿ ಮಂಚದ ಮೇಲೆ ಹಾಸಿದಂತೆ ಕಾಣುತ್ತಿತ್ತು.

"ಹಂಗಽ ಅದಾರೇನು? ತೆಳ್ಳಗ?" ಎಂದಳು.

"ಏ, ಇಲ್ಲ ಬೇ! ಮೈ ತುಂಬ್ಯಾನ. ಮೊದಲಿನಕಿಂತ ಚಲೋ ಅದಾನ. ಅಂಗಿ ಗುಂಡಿ ಕೂಡೂದಿಲ್ಲ."

"ಹೌದ?" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಅವಳು ಎರಡು ರೊಟ್ಟಿ ಉಂಡಳು. ಏಳು ತಿಂಗಳಲ್ಲಿ ಮೊದಲ ಸಲ. ನನ್ನ ಜೀವನದಲ್ಲಿ ನಾನು ಹೇಳಿದ ಯಾವ ನಿಜದಿಂದಲೂ ಇಂಥ ಉಪಕಾರ ಆಗಿರಲಿಲ್ಲ.

ಆಮೇಲೆ ಒಂದೊಂದೇ ನಡೆಯತೊಡಗಿದವು. ಕೆಸರಾದ ಚಪ್ಪಲಿಯನ್ನು ಯಾರೋ ಒರೆಸಿ, ಎಣ್ಣೆ ಸವರಿ ಇಡುತ್ತಿದ್ದರು. ಅಪ್ಪನ ಕಂಬಳಿ ಟ್ರಂಕಿನಿಂದ ಹೊರಗೆ ಬಂದು ಬಿಸಿಲಿಗೆ ಬಿತ್ತು. ರೂಪಾಲಿ ಒಂದು ಸಂಜೆ ನನ್ನನ್ನು ಗೋಡೆಯ ಮರೆಗೆ ಎಳೆದಳು.

"ಬಸ್ ಮಾಡ್ರಿ ಇನ್ನ. ಅತ್ತಿ ಖರೇ ಅಂತ ತಿಳ್ಕೊಂಡಾರ."

"ಹುಚ್ಚೀ. ನಮ್ಮವ್ವ ಊರಿಗೇ ನೀರ ಕುಡಿಸೂವಾಕಿ. ನನ್ನ ಮಾತ ನಂಬ್ತಾಳೇನ?"

"ನಿಮ್ಮ ಮಾತಲ್ಲ. ರಾತ್ರಿ ಚಪ್ಪಲಿ ಸಪ್ಪಳ ಕೇಳ್ತಾರ ಅವರು. ಕರಕರ ಅನ್ಕೋಂತ ಬಾಗಲ ದಾಟಿ ಹೋಗೂದು. ನನಗ ಹೇಳಿದ್ರು. ಮಾವಾರು ನಡದಂಗಽ ಐತಿ, ಎಡಗಾಲ ಸ್ವಲ್ಪ ಎಳಿತಾರ ಅಂತ."

ಎಡಗಾಲು ಎಳೆಯುವವನು ನಾನು. ಅಪ್ಪನ ಚಪ್ಪಲಿ ಸವೆದಿರುವ ರೀತಿಯೇ ಹಾಗೆ, ಮೆಟ್ಟಿದವರ ಕಾಲನ್ನು ತನ್ನ ದಾರಿಗೆ ಎಳೆಯುತ್ತದೆ. ಇದನ್ನು ರೂಪಾಲಿಗೆ ಹೇಳಲು ಹೋಗಿ, "ನಾಳೆ ಹೇಳ್ತೀನಿ ಅವ್ವಗ," ಎಂದೆ. ಆ ನಾಳೆ ರಾತ್ರಿಪಾಳಿಯ ವಾರದ ಮೊದಲ ದಿನವಾಗಿತ್ತು. ಹೇಳಲಿಲ್ಲ. ಹೇಗೆ ಹೇಳುವುದು? ಗಂಡ ಸತ್ತ ಸುದ್ದಿಯನ್ನು ಅದೇ ಹೆಂಗಸಿಗೆ ಎರಡನೇ ಸಲ ತಿಳಿಸುವುದು ಹೇಗೆಂದು ಯಾರಿಗಾದರೂ ಗೊತ್ತಿದ್ದರೆ ಹೇಳಲಿ.

ಅವತ್ತು ರಾತ್ರಿ ಫೋನು ಬಡಿದುಕೊಂಡಿತು. ರೂಢಿಯಂತೆ ಕಾದೆ. ಒಳಕೋಣೆಯಲ್ಲಿ ಸಪ್ಪಳವಿಲ್ಲ. ಎತ್ತಿದೆ, ಒಂದು ಒತ್ತಿದೆ, ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅಮಾವಾಸ್ಯೆ ಹತ್ತಿರವಿತ್ತು. ಈ ದಾರಿ ನನಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು ಎಂದು ಹೇಳಿಕೊಳ್ಳುವವನು ನಾನು; ಅದಕ್ಕೇ ಬ್ಯಾಟರಿ ಹಚ್ಚಲಿಲ್ಲ. ಎರಡು ಸಲ ಎಡವಿದೆ.

ಮೋಟಾರು ಮನೆಯ ಕಟ್ಟೆಯ ಮೇಲೆ ಒಬ್ಬರು ಕೂತಿದ್ದರು.

ತಲೆಯ ಮೇಲಿಂದ ಕಂಬಳಿ. ಅಪ್ಪ ಕೂರುವಂತೆಯೇ, ಬಾವಿಗೆ ಬೆನ್ನು ಮಾಡಿ, ಕಬ್ಬಿನ ಕಡೆ ಮುಖ. ನಾನು ಇಷ್ಟು ದಿನ ಹೇಳಿದ ಸುಳ್ಳುಗಳೆಲ್ಲ ಒಂದೇ ಕಂಬಳಿ ಹೊದ್ದು ಬಂದು ಕೂತಿವೆ ಅನ್ನಿಸಿತು. ನನ್ನ ಕಾಲು ನಿಂತವು. ಚಿರತೆಯನ್ನು ಕೊಡಲಿಯ ಕಾವಿನಿಂದ ಓಡಿಸಿದೆ ಎಂದು ಹೇಳಿಕೊಳ್ಳುವ ಬಾಯಿ ಒಣಗಿತು. ಹೆದರಿಕೆಯೇ ಎಂದರೆ ಅಲ್ಲ. ಓಡಿ ಹೋಗಬೇಕೆನಿಸಿತು, ಆದರೆ ಯಾವ ಕಡೆಗೆಂದು ತಿಳಿಯಲಿಲ್ಲ. ಮನೆಯ ಕಡೆಗೋ, ಆ ಕಂಬಳಿಯ ಕಡೆಗೋ. ನಾನು ಹೇಳಿದ್ದು ಖರೆಯಾಗಿಬಿಟ್ಟಿದ್ದರೆ? ಹೇಳುತ್ತ ಹೇಳುತ್ತ ಕರೆದೇಬಿಟ್ಟಿದ್ದರೆ? ಕುಳೆಯ ವಿಷಯ ಕೇಳಬೇಕು ಎಂದು ತಲೆಯಲ್ಲಿ ಬಂತು. ಅಂಥ ಹೊತ್ತಿನಲ್ಲಿ ಅದೇ ಬಂತು.

ಎರಡು ಹೆಜ್ಜೆ ಇಟ್ಟೆ. ಚಪ್ಪಲಿ ಕರಕರ ಎಂದವು.

ಕಂಬಳಿ ತಿರುಗಲಿಲ್ಲ. ಒಳಗಿನಿಂದ ಧ್ವನಿ ಬಂತು.

"ಬಂದ್ರೇನ್ರಿ?"

ಅವ್ವ. ಆದರೆ ಆ ಧ್ವನಿಯಲ್ಲಿ ಅವ್ವ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದು ನಾನು ಹುಟ್ಟುವುದಕ್ಕಿಂತ ಮೊದಲಿನ ಧ್ವನಿ ಇರಬೇಕು.

"ಎಷ್ಟೊತ್ತಾತು ಕುಂತ," ಎಂದಳು. ನಾಚಿಕೆಗೋ ಹೆದರಿಕೆಗೋ ತಿರುಗಿ ನೋಡುತ್ತಿರಲಿಲ್ಲ. "ಥಂಡಿ ಬಾಳ ಐತಿ. ಮೊದಲ ಎರಡ ತುತ್ತ ತಿನ್ರಿ. ನೀರ ಆಮ್ಯಾಲೆ ತಿರುವಂತ್ರಿ." ಕಂಬಳಿಯಿಂದ ಒಂದು ಕೈ ಹೊರಬಂದು ಪಕ್ಕದಲ್ಲಿದ್ದ ಬುತ್ತಿಯ ಗಂಟನ್ನು ತಡಕಾಡಿತು.

ನಾನು ಅಪ್ಪನ ಕೆಮ್ಮು ಕೆಮ್ಮಬಲ್ಲೆ. ಇದು ಬಡಾಯಿ ಅಲ್ಲ. ಚಹಾದಂಗಡಿಯಲ್ಲಿ ಒಮ್ಮೆ ಕೆಮ್ಮಿದಾಗ ಬಾಳಾಸಾಬ ಕಾಕಾ ಕೈಯಲ್ಲಿದ್ದ ಬೀಡಿಯನ್ನು ಮರೆಮಾಡಿದ್ದ. ಒಂದು ಕೆಮ್ಮು ಸಾಕಾಗಿತ್ತು. ಕೆಮ್ಮಿ, ಕಬ್ಬಿನೊಳಗೆ ಇಳಿದು ಹೋಗಿಬಿಟ್ಟಿದ್ದರೆ ಅವ್ವ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋಗುತ್ತಿದ್ದಳು, ನಾಳೆಯೂ ಎರಡು ರೊಟ್ಟಿ ಉಣ್ಣುತ್ತಿದ್ದಳು. ಕೆಮ್ಮು ಗಂಟಲವರೆಗೆ ಬಂದಿತ್ತು. ಆದರೆ ಅವಳು ಗಂಟು ಬಿಚ್ಚುತ್ತಿದ್ದಳು. ಈಗ ತಿರುಗಿ ಕೈಗೆ ಕೊಡುತ್ತಾಳೆ. ಕೊಟ್ಟರೆ ತೆಗೆದುಕೊಳ್ಳುವ ಕೈ ಯಾರದು?

"ಅವ್ವಾ," ಎಂದೆ. "ನಾನು."

ಕೈ ನಿಂತಿತು.

"ಯಾರು?"

"ರಾಜಾ."

ಮೋಟಾರು ಗುಂಯ್ಗುಡುತ್ತಿತ್ತು. ಅವ್ವ ಕಂಬಳಿ ಸರಿಸಿ, ನನ್ನನ್ನಲ್ಲ, ನನ್ನ ಹಿಂದಿನ ದಾರಿಯನ್ನು ನೋಡಿದಳು.

"ಅವರು ಹಿಂದ ಬರಾಕತ್ತಾರೇನು?"

"ಇಲ್ಲ ಬೇ. ಯಾರೂ ಬರಾಂಗಿಲ್ಲ. ದಿನಾ ನಾನಽ ಬರ್ತಿದ್ದೆ. ಫೋನ್ ಎತ್ತಿದಾಂವ ನಾನು. ಒಂದ ಒತ್ತಿದಾಂವ ನಾನು."

"ಚಪ್ಪಲಿ?"

"ನಾನಽ ಹಾಕ್ಕೊಂಡಿದ್ದೆ. ಕೆಸರ ನಾನಽ ಮೆತ್ತಿದ್ದು."

"ರುಮಾಲ ಸಿಕ್ಕಿತ್ತ ಅಂದಿ."

"ಅದೂ ನಾನಽ, ಅವ್ವಾ."

ಅವ್ವ ಲೆಕ್ಕ ತಪ್ಪಿದವಳಂತೆ ಬುತ್ತಿಯ ಮೇಲೆ ಕೈಯಾಡಿಸಿದಳು. ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ, ಇದೊಂದಾದರೂ ಉಳಿಯಲಿ ಎನ್ನುವಂತೆ, ಕೇಳಿದಳು.

"ಮೈ ತುಂಬ್ಯಾರ ಅಂದಿದ್ದಿ ಅಲಾ?"

ಐದು ತಾಲೂಕಿನಲ್ಲಿ ಯಾರಿಗೂ ಸೋಲದ ಬಾಯಿ ನನ್ನದು.

ಆಗ ಅವ್ವ ನಕ್ಕಳು. ಎಂಥ ನಗು ಎಂದರೆ, ಕೃಷ್ಣೆಯ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಕಾಕಾ ತನ್ನ ಹೊಲದಿಂದ ಏನಾತ್ರೆವ್ವಾ ಎಂದು ಕೂಗಿದ. ಅವ್ವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, ನಿಮ್ಮಪ್ಪನ ಮಗನಽ ನೀನು ಎಂದಳು. ನಾವಿಬ್ಬರೂ ನಗುತ್ತ ಮನೆಗೆ ಬಂದೆವು.

ಇಲ್ಲ. ಅವ್ವ ನಗಲಿಲ್ಲ. ಕೊಕ್ಕರೆ ಹಾರಲಿಲ್ಲ, ಯಾರೂ ಕೂಗಲಿಲ್ಲ. ಅವ್ವ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು, ತಪ್ಪಾತವ್ವಾ ಎಂದೆ. ಸರಿಯಾಗಿ ಹೇಳಲಾಗಲಿಲ್ಲ. ನಾನೂ ಅವನಿಗಾಗಿಯೇ ಬರುತ್ತಿದ್ದೆ ಎಂದು ಹೇಳಬೇಕಿತ್ತು. ಆ ಮಾತು ಬರಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಬುತ್ತಿಯಿಂದ ಒಂದು ರೊಟ್ಟಿ ತೆಗೆದು, ಮೇಲೆ ಶೇಂಗಾ ಹಿಂಡಿಯ ಚಟ್ನಿ ಇಟ್ಟು, ಕತ್ತಲಲ್ಲಿ ನನ್ನ ಕೈ ಹುಡುಕಿ ಇಟ್ಟಳು. ತಾನೊಂದು ತೆಗೆದುಕೊಂಡಳು.

ಮುಂದಿನ ಸಾಲು ತುಂಬಿತ್ತು. ನೀರು ಬದು ಒಡೆದು ದಾರಿಗೆ ಹರಿಯತೊಡಗಿತು, ಕಟ್ಟೆಯ ಬುಡಕ್ಕೆ ಬಂತು, ನಮ್ಮ ಕಾಲಡಿಗೆ ಬಂತು. ತಿರುಗಿಸಬೇಕಿತ್ತು. ಇಬ್ಬರೂ ಏಳಲಿಲ್ಲ.